ಹಾಲಮ್ಮನ ಕಾಳು

ಕಳೆದ ಜನವರಿಯ ಮೊದಲ ವಾರ ನಾದಿನಿಯನ್ನೂ ಅವಳ ಮಕ್ಕಳನ್ನೂ ವಿಮಾನ ಹತ್ತಿಸಲು ಶಿವಮೊಗ್ಗದ ಹತ್ತಿರದ ಸೋಗಾನೆಗೆ ಹೋಗಿದ್ದೆ. ಅವರು ಒಳಗೆ ಹೋದ ಮೇಲೆ ಕಾರಿನ ಕಡೆ ನಡೆಯುತ್ತಿದ್ದಾಗ, ಹೊರಗೆ ನೆರಳಿನಲ್ಲಿ ಇಬ್ಬರು ಹುಡುಗಿಯರು ಮೇಜು ಹಾಕಿಕೊಂಡು ಕೈಕೆಲಸದ ಉಡುಗೊರೆಗಳನ್ನು ಮಾರುತ್ತಿದ್ದುದು ಕಂಡಿತು. ಲಾವಂಚದ ಬೀಸಣಿಗೆ, ಮಣಿಯ ತೋರಣ, ಬಣ್ಣದ ದಾರ ಸುತ್ತಿದ ಬಳೆಗಳು. ಅವುಗಳ ಮಧ್ಯೆ ಅಂಗೈಯಗಲದ ಪಾರದರ್ಶಕ ಡಬ್ಬಗಳಲ್ಲಿ ಸಂಕ್ರಾಂತಿ ಕಾಳು, ಎಳ್ಳಿಗೆ ಸಕ್ಕರೆ ಪಾಕ ಕಟ್ಟಿದ ಕುಸುರೆಳ್ಳು. ನನ್ನ ಕೈ ತಾನಾಗಿಯೇ ಒಂದು ಡಬ್ಬವನ್ನು ಎತ್ತಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿತು. "ಹ್ಯಾಂಡ್‌ಮೇಡ್ ಮೇಡಂ" ಎಂದಳು ಹುಡುಗಿ. ಡಬ್ಬದೊಳಗೆ ಕಾಳು ಗೋಲಿಯ ಹಾಗೆ ಗಲಗಲ ಎಂದಿತು. ಮುಳ್ಳೆದ್ದ ಕಾಳು ಹಾಗೆ ಸದ್ದು ಮಾಡುವುದಿಲ್ಲ. ಅದು ಒಂದಕ್ಕೊಂದು ತಾಗಿ, ಬರಿಗಾಲಲ್ಲಿ ಹೊಳೆಯ ಮರಳಿನ ಮೇಲೆ ಯಾರೋ ನಡೆದುಹೋದ ಹಾಗೆ ಸರಸರ ಎನ್ನುತ್ತದೆ. ನಿಮ್ಮ ಮನೆಯಲ್ಲಿ ಯಾರಾದರೂ ಒಬ್ಬ ಹೆಂಗಸು ಕಾಳು ಕಟ್ಟುತ್ತಿದ್ದರೆ ಈ ಸದ್ದು ನಿಮಗೆ ಗೊತ್ತಿರುತ್ತದೆ. ಇಲ್ಲದಿದ್ದರೆ ನಾನು ಎಷ್ಟು ಹೇಳಿದರೂ ಅದು ಅರ್ಧವೇ. ನಾನಂತೂ ನನ್ನ ಬಾಲ್ಯದ ಪ್ರತಿ ಧನುರ್ಮಾಸವೂ ಈ ಸದ್ದಿಗೇ ಕಣ್ಣುಬಿಟ್ಟವಳು.

ನಾವಿದ್ದದ್ದು ಭದ್ರಾವತಿಯ ಓಲ್ಡ್ ಟೌನಿನಲ್ಲಿ, ಹೊಳೆಗೆ ಬೆನ್ನು ಹಾಕಿ ನಿಂತಿದ್ದ ಒಂದು ವಠಾರದಲ್ಲಿ. ಐದು ಮನೆ, ಒಂದು ನಲ್ಲಿ, ನಲ್ಲಿಯ ಪಕ್ಕ ಬಟ್ಟೆ ಒಗೆಯುವ ಒಂದು ಕಲ್ಲು. ಅಪ್ಪ ಕಬ್ಬಿಣದ ಕಾರ್ಖಾನೆಯಲ್ಲಿ ಅಚ್ಚು ಎರೆಯುವ ಕಡೆ ಕೆಲಸಕ್ಕಿದ್ದ. ಅಪ್ಪನ ಅಪ್ಪ ಅಮ್ಮ ಬೇರೆಯವರ ಗದ್ದೆಯಲ್ಲಿ ಕೂಲಿ ಮಾಡಿದವರು. ನಮ್ಮ ಮನೆತನದಲ್ಲಿ ತಿಂಗಳ ಸಂಬಳ ಕಂಡ ಮೊದಲನೆಯವನು ಅಪ್ಪನೇ. ಎರಡು ಕೋಣೆಯ ಆ ಮನೆಯಲ್ಲಿ ಅಪ್ಪ, ಅಮ್ಮ, ನಾನು, ಮತ್ತು ಅಪ್ಪನ ಅಕ್ಕ ಹಾಲಮ್ಮ. ನನಗೆ ಅವಳು ಅತ್ತೆ. ಮದುವೆಯಾದ ಮೂರನೇ ವರ್ಷ ಅವಳ ಗಂಡ ರಸ್ತೆ ಕೆಲಸದವರ ಜೊತೆ ಹೊರಟವನು ವಾಪಸು ಬರಲಿಲ್ಲ. ಅವಳು ಒಂದು ತಗಡಿನ ಟ್ರಂಕು ಹಿಡಿದುಕೊಂಡು ತಮ್ಮನ ಮನೆಗೆ ಬಂದಳು. ಬಂದ ವಾರಕ್ಕೇ ಪಕ್ಕದ ಬೀದಿಯ ವಕೀಲರ ಮನೆಯಲ್ಲಿ ಪಾತ್ರೆ ತೊಳೆಯುವ ಕೆಲಸ ಹಿಡಿದಳಂತೆ. ತಮ್ಮನ ಅನ್ನವನ್ನು ಪುಕ್ಕಟೆ ಉಂಡೆ ಅನ್ನಿಸಿಕೊಳ್ಳಲು ಅವಳಿಗೆ ಇಷ್ಟವಿರಲಿಲ್ಲ. ಎತ್ತರದ ಹೆಂಗಸು. ನಗುವುದು ಕಡಿಮೆ. ನಕ್ಕರೆ ಸೆರಗು ಬಾಯಿಗೆ ಅಡ್ಡ ಹಿಡಿಯುತ್ತಿದ್ದಳು, ಮುಂದಿನ ಒಂದು ಹಲ್ಲು ಇಲ್ಲದ್ದಕ್ಕೆ.

ಕಾಳು ಕಟ್ಟುವುದನ್ನು ಅವಳು ಕಲಿತದ್ದು ಆ ವಕೀಲರ ಮನೆಯಲ್ಲಿ. ವಕೀಲರ ಹೆಂಡತಿ ಶಾರದಮ್ಮನವರು ಪ್ರತಿ ವರ್ಷ ಧನುರ್ಮಾಸ ಹಿಡಿದ ಕೂಡಲೇ ನಡುಮನೆಯಲ್ಲಿ ಇದ್ದಿಲ ಒಲೆ ಹೊತ್ತಿಸಿಕೊಂಡು ಕಾಳಿಗೆ ಕೂರುತ್ತಿದ್ದರು. ಅತ್ತೆಗೆ ನಡುಮನೆಗೆ ಪ್ರವೇಶವಿರಲಿಲ್ಲ. ಹಿತ್ತಲಲ್ಲಿ ಪಾತ್ರೆ ಉಜ್ಜುತ್ತ, ತೆರೆದ ಬಾಗಿಲಿಂದ ಅವರ ಬೆರಳು ಹೇಗೆ ಆಡುತ್ತವೆ ಅಂತ ನೋಡುತ್ತಿದ್ದಳು. ಒಂದು ವರ್ಷ ಶಾರದಮ್ಮನವರು ಬಚ್ಚಲಲ್ಲಿ ಜಾರಿ ಬಲಗೈ ಮುರಿದುಕೊಂಡರು. ಎಳ್ಳು ತೊಳೆದು ಒಣಗಿಸಿ ಆಗಿತ್ತು, ಹೆಣ್ಣುಮಕ್ಕಳಿಗೆ ಆ ಕೆಲಸ ಬೇಕಿರಲಿಲ್ಲ. ಅವರು ಒಲೆಯನ್ನು ಹಿತ್ತಲ ಬಾಗಿಲಿಗೆ ತರಿಸಿದರು. ಹೊಸಿಲಿನ ಒಳಗೆ ಅವರು ಮಣೆ ಹಾಕಿಕೊಂಡು ಕೂತರು, ಹೊಸಿಲಿನ ಹೊರಗೆ ಅತ್ತೆ ಕಲ್ಲಿನ ಮೇಲೆ ಕೂತಳು. ಅವರು ಹೇಳುವುದು, ಇವಳು ಮಾಡುವುದು. ಎರಡು ಚಳಿಗಾಲ ಪೂರ್ತಿ ಅವಳ ಪಾಠ ನಡೆದದ್ದು ಆ ಹೊಸಿಲಿನ ಆಚೀಚೆ. ಶಾರದಮ್ಮನವರು ಕೆಟ್ಟವರಲ್ಲ, ಅತ್ತೆಯೂ ಯಾವತ್ತೂ ಹಾಗೆ ಹೇಳಲಿಲ್ಲ. ಮಗನ ಜೊತೆ ಮೈಸೂರಿಗೆ ಹೋಗಿ ನೆಲೆಸುವಾಗ ಅವರು ತಮ್ಮ ಹಿತ್ತಾಳೆಯ ಅಗಲ ತಟ್ಟೆಯನ್ನು ಅತ್ತೆಗೇ ಕೊಟ್ಟರು. ಶಿವಮೊಗ್ಗದ ಪೇಟೆಯಲ್ಲಿ ತಮಗೆ ಗುರುತಿದ್ದ ಒಬ್ಬ ಮಿಠಾಯಿ ಅಂಗಡಿಯವರಿಗೆ, ಇವಳ ಕೈ ನನ್ನ ಕೈಗಿಂತ ಚೆನ್ನಾಗಿದೆ ಅಂತ ಚೀಟಿಯನ್ನೂ ಬರೆದುಕೊಟ್ಟರು.

ಆ ಕೆಲಸವನ್ನು ನೋಡದವರಿಗೆ ಅದೇನು ಅಂತ ಹೇಳಬೇಕು. ಬಿಳಿ ಎಳ್ಳನ್ನು ತೊಳೆದು, ಗೋಣಿಯ ಮೇಲೆ ತಿಕ್ಕಿ ಸಿಪ್ಪೆ ತೆಗೆದು, ಬಿಸಿಲಲ್ಲಿ ಒಣಗಿಸುತ್ತಿದ್ದಳು. ಸಕ್ಕರೆಗೆ ನೀರು ಬೆರೆಸಿ ಕುದಿಸಿ, ಒಂದು ಚಮಚ ಹಾಲು ಬಿಟ್ಟರೆ ಕೊಳೆಯೆಲ್ಲ ನೊರೆಯಾಗಿ ಮೇಲೆ ಬರುತ್ತಿತ್ತು. ಅದನ್ನು ತೆಗೆದು, ಬಿಳಿ ಬಟ್ಟೆಯಲ್ಲಿ ಸೋಸಿ, ನಾಲ್ಕು ಹನಿ ನಿಂಬೆರಸ ಹಿಂಡುತ್ತಿದ್ದಳು. ನಸುಕಿನ ನಾಲ್ಕೂವರೆಗೆ, ಹೊಳೆಯಿಂದ ಎದ್ದ ಮಂಜು ವಠಾರದ ಅಂಗಳಕ್ಕೆ ಇಳಿದಿರುವಾಗ, ತಣ್ಣೀರಲ್ಲಿ ಸ್ನಾನ ಮಾಡಿ ಒಲೆಯ ಮುಂದೆ ಕೂರುವುದು. ಬೂದಿ ಮುಚ್ಚಿದ ಕೆಂಡದ ಮೇಲೆ ತಟ್ಟೆ, ತಟ್ಟೆಯಲ್ಲಿ ಎರಡು ಹಿಡಿ ಎಳ್ಳು. ಒಂದು ಚಮಚ ಪಾಕ ಬಿಡುವುದು, ಅದು ಆರುವವರೆಗೆ ಐದೂ ಬೆರಳ ತುದಿಯಿಂದ ಕಾಳನ್ನು ಮೆಲ್ಲಗೆ ತಿರುವುತ್ತಲೇ ಇರುವುದು. ಆರಿದ ಮೇಲೆ ಇನ್ನೊಂದು ಚಮಚ. ಹೀಗೆ ಬೆಳಗ್ಗೆ ಬೆಳಗ್ಗೆ, ಏಳೆಂಟು ದಿನ. ಬಿಸಿ ಹೆಚ್ಚಾದರೆ ಪಾಕ ಕೆಂಪಾಯಿತು, ಪಾಕ ಹೆಚ್ಚಾದರೆ ಕಾಳು ಉಂಡೆಯಾಯಿತು, ಕೈ ಒತ್ತಿದರೆ ಮುಳ್ಳು ಮುರಿಯಿತು. ಚಳಿ ಚೆನ್ನಾಗಿದ್ದು ಕೈ ಹಗುರಾಗಿದ್ದರೆ ಐದನೆಯ ದಿನ ಪ್ರತಿ ಎಳ್ಳಿನ ಸುತ್ತ ಸಣ್ಣ ಸಣ್ಣ ಬಿಳಿ ಮುಳ್ಳು ಏಳುತ್ತಿದ್ದವು, ಪಾರಿಜಾತದ ಮೊಗ್ಗು ಅರಳುವ ಹಾಗೆ, ಅಷ್ಟೇ ಗುಟ್ಟಾಗಿ. ಇದ್ದಿಲ ಹೊಗೆ, ಬೆಚ್ಚಗಾದ ಎಳ್ಳು, ನಿಂಬೆ, ಸುಡುವುದಕ್ಕೆ ಇನ್ನೇನು ಒಂದು ಗಳಿಗೆ ಇರುವ ಸಕ್ಕರೆ, ಇವೆಲ್ಲ ಸೇರಿದ ಆ ವಾಸನೆ ನಮ್ಮ ಕಂಬಳಿಗಳಲ್ಲಿ ಶಿವರಾತ್ರಿಯವರೆಗೂ ಉಳಿದಿರುತ್ತಿತ್ತು. ಅತ್ತೆಯ ಬಲಗೈ ಬೆರಳ ತುದಿಗಳು ನುಣ್ಣಗೆ ಹೊಳೆಯುತ್ತಿದ್ದವು. ಗೆರೆಗಳೆಲ್ಲ ಸುಟ್ಟು ಮಾಸಿದ್ದವು. ಬ್ಯಾಂಕಿನಲ್ಲಿ ಹೆಬ್ಬೆಟ್ಟು ಒತ್ತಿಸಿಕೊಂಡ ಗುಮಾಸ್ತ ಇದೇನಮ್ಮ ಬರೀ ಮಸಿ ಅಂತ ಕೇಳಿದ್ದನ್ನು ಅವಳು ಮನೆಗೆ ಬಂದು ಒಂದು ಬಿರುದು ಸಿಕ್ಕವಳ ಹಾಗೆ ಹೇಳಿಕೊಂಡಿದ್ದಳು.

ಕಾಳಷ್ಟೇ ಅಲ್ಲ, ಕಾಳಿನ ಒಡವೆಯನ್ನೂ ಮಾಡುತ್ತಿದ್ದಳು. ಹೊಸ ಮದುವಣಗಿತ್ತಿಯ ಮೊದಲ ಸಂಕ್ರಾಂತಿಗೆ, ವರ್ಷ ತುಂಬದ ಮಗುವಿನ ತಲೆಯ ಮೇಲೆ ಎಳ್ಳು, ಬೋರೆಹಣ್ಣು ಸುರಿದು ಆರತಿ ಎತ್ತುವ ದಿನಕ್ಕೆ, ಮೈಮೇಲೆ ತೊಡಿಸುವ ಸರ, ಬಳೆ, ಕಿರೀಟ, ಸೊಂಟದ ಪಟ್ಟಿ. ದಪ್ಪ ಕಾಳುಗಳನ್ನು ಒಂದೊಂದಾಗಿ ದಾರಕ್ಕೆ ಗಂಟು ಹಾಕಿ ಕಟ್ಟಬೇಕು. ಕಪ್ಪು ಬಟ್ಟೆಯ ಮೇಲೆ ಅದನ್ನು ಹರಡಿ ಇಟ್ಟಾಗ ಅಮ್ಮ ಅಡುಗೆ ಬಿಟ್ಟು ಬಂದು ನೋಡುತ್ತಿದ್ದಳು. ಅಮ್ಮನಿಗೂ ಅತ್ತೆಗೂ ವರ್ಷವಿಡೀ ನೀರು, ಸೀಮೆಎಣ್ಣೆ, ಉಪ್ಪಿನ ವಿಷಯಕ್ಕೆ ಕಟಿಪಿಟಿ. ಆದರೆ ಆ ಒಂದು ತಿಂಗಳು ಮನೆಯಲ್ಲಿ ಅತ್ತೆಯ ಮಾತಿಗೆ ತೂಕ ಬರುತ್ತಿತ್ತು. ಮಾಡಿನ ಹೆಂಚು ಬದಲಾಯಿಸಿದ್ದು, ನನಗೆ ಶೂ ಬಂದದ್ದು ಕಾಳಿನಿಂದ. ಅದನ್ನು ಅವಳು ಬಾಯಿಬಿಟ್ಟು ಹೇಳುತ್ತಿರಲಿಲ್ಲ, ನಾವು ಮರೆಯುತ್ತಲೂ ಇರಲಿಲ್ಲ.

ನಾನು ಐದನೇ ಕ್ಲಾಸಿನಲ್ಲಿದ್ದ ವರ್ಷ ಇದು ನಡೆಯಿತು. ಪ್ರತಿ ವರ್ಷ ಹಬ್ಬಕ್ಕೆ ಹತ್ತು ದಿನ ಇರುವಾಗ ಶಿವಮೊಗ್ಗದ ಅಂಗಡಿಯಿಂದ ಒಬ್ಬ ಆಳು ಬಂದು ಡಬ್ಬಗಳನ್ನು ಒಯ್ಯುತ್ತಿದ್ದ. ಆ ವರ್ಷ ಅವನು ಬರಲಿಲ್ಲ. ಎರಡು ದಿನ ಕಾದ ಅತ್ತೆ, ಮೂರನೆಯ ದಿನ ಭಾನುವಾರ, ದೊಡ್ಡ ಎರಡು ಡಬ್ಬಗಳನ್ನು ಹಳೆ ಸೀರೆಯಲ್ಲಿ ಕಟ್ಟಿ, ಒಡವೆಗಳ ರಟ್ಟಿನ ಪೆಟ್ಟಿಗೆಯನ್ನು ನನ್ನ ತೊಡೆಯ ಮೇಲಿಟ್ಟು, ನನ್ನನ್ನು ಬಸ್ಸಿನಲ್ಲಿ ಕರೆದುಕೊಂಡು ಹೊರಟಳು. ಅವಳಿಗೆ ಓದು ಬರುತ್ತಿರಲಿಲ್ಲ. ಅಂಗಡಿ ಹುಡುಕಲು ಬೋರ್ಡು ಓದುವುದಕ್ಕೆ ನಾನು. ಬಸ್ಸು ಕುಲುಕಿದಾಗಲೆಲ್ಲ ಅವಳು ಡಬ್ಬದ ಮೇಲೆ ಕೈ ಇಡುತ್ತಿದ್ದಳು, ಒಳಗೆ ಯಾರೋ ಮಲಗಿದ್ದಾರೆ ಎಂಬಂತೆ.

ಅಂಗಡಿ ದೊಡ್ಡದಿತ್ತು. ಗಾಜಿನ ಕಪಾಟು, ತುಪ್ಪದ ವಾಸನೆ, ಹಬ್ಬದ ಗಿರಾಕಿಗಳ ಗುಂಪು. ಕಪಾಟಿನ ಮಧ್ಯದಲ್ಲಿ ಬೆಳ್ಳಿಯ ತಟ್ಟೆಯಲ್ಲಿ, ಹಿಂದಿನ ವಾರ ಅಪ್ಪ ಯಾರದೋ ಕೈಯಲ್ಲಿ ಮಾದರಿಗೆ ಕಳಿಸಿದ್ದ ನಮ್ಮ ಕಾಳೇ ಇತ್ತು. ಮುಳ್ಳು ನೋಡಿಯೇ ನನಗೆ ಗುರುತು ಸಿಕ್ಕಿತು. ಅದರ ಹಿಂದೆ ಬಣ್ಣದ ಅಕ್ಷರದ ಒಂದು ಬೋರ್ಡು.

"ಅದೇನು ಬರ್ದಿದೆ, ಓದೇ" ಎಂದಳು ಅತ್ತೆ.

ಓದಿದೆ. ನಮ್ಮ ಮನೆಯ ಹೆಂಗಸರು ಮಡಿಯಲ್ಲಿ ಮಾಡಿದ ಶುದ್ಧ ಸಂಕ್ರಾಂತಿ ಕಾಳು.

"ಇನ್ನೊಂದ್ಸಲ ಓದು."

ಇನ್ನೊಮ್ಮೆ ಓದಿದೆ. ಅವಳು ಡಬ್ಬಗಳನ್ನು ಕೆಳಗೆ ಇಟ್ಟು, ಗುಂಪು ಸ್ವಲ್ಪ ಕರಗುವವರೆಗೂ ಕಾದು, ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದ ಸಾಹುಕಾರರ ಎದುರಿಗೆ ಹೋದಳು. ಅವರು ಗುರುತು ಹಿಡಿದು, ಆಳಿಗೆ ಜ್ವರ ಬಂದದ್ದನ್ನು ಹೇಳಿ, ಅವಳೇ ತಂದದ್ದು ಒಳ್ಳೆಯದಾಯಿತು ಎಂದರು.

"ಸಾಹುಕಾರ್ರೆ, ಈ ಬೋರ್ಡ್‌ನಲ್ಲಿರೋ ಕಾಳು ಯಾವ್ದು?"

"ಯಾವ್ದು ಅಂದ್ರೆ? ನಿಂದೇ. ಬೇರೆ ಯಾರದ್ದಿದೆ ನಮ್ಮಲ್ಲಿ."

"ನಿಮ್ಮನೆ ಹೆಂಗಸ್ರು ಮಾಡಿದ್ದು ಅಂತ ಇದ್ಯಂತೆ."

ಅವರು ಆಚೀಚೆ ನೋಡಿ ದನಿ ತಗ್ಗಿಸಿದರು. "ಅದು ವ್ಯಾಪಾರದ ಮಾತು ಮಾರಾಯ್ತಿ. ಬರೋರು ಕೇಳ್ತಾರೆ, ಯಾರು ಮಾಡಿದ್ದು, ಯಾವ ಜನ ಅಂತ. ಹಬ್ಬದ ಸಾಮಾನು ನೋಡು. ನಿನ್ನ ಹೆಸ್ರು ಹೇಳಿದ್ರೆ ಡಬ್ಬ ಹಂಗೇ ಕೂತಿರುತ್ತೆ. ನಿನ್ನ ಒಳ್ಳೇದಕ್ಕೇ ಹಾಕಿರೋದು."

ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದುದು ನನಗೆ ಕಾಣುತ್ತಿತ್ತು. ಆಮೇಲೆ ಜಗಳದ ದನಿಯಲ್ಲಲ್ಲ, ನಲ್ಲಿಯ ಹತ್ತಿರ ನೀರಿನ ಸರದಿ ಕೇಳುವ ದನಿಯಲ್ಲಿ ಹೇಳಿದಳು: "ನಾನು ನಿಮ್ಮನೆ ಹೆಂಗಸಾದ್ರೆ ಒಳಗೆ ಕರ್ದು ಕೂರ್ಸಿ, ಒಂದ್ ಲೋಟ ನೀರು ಕೊಡಿ. ಅಲ್ಲಾಂದ್ರೆ ಬೋರ್ಡ್ ತೆಗೀರಿ."

ಅಂಗಡಿಯ ಹುಡುಗರು ಕೈಕೆಲಸ ನಿಲ್ಲಿಸಿದರು. ಸಾಹುಕಾರರ ಮುಖ ಕೆಂಪಾಯಿತು. ಅವರು ಕೂಗಾಡಲಿಲ್ಲ, ಕೂಗಾಡಿದ್ದರೆ ನಮಗೆ ಸುಲಭವಾಗುತ್ತಿತ್ತೇನೋ. ಬೋರ್ಡಿನ ಕಡೆ ಒಮ್ಮೆ ನೋಡಿ, ಮುಂದಿನ ಗಿರಾಕಿಯ ಕಡೆ ತಿರುಗಿದರು. ಅತ್ತೆ ಡಬ್ಬಗಳ ಗಂಟನ್ನು ಎತ್ತಿ ಸೊಂಟಕ್ಕೆ ಇಟ್ಟುಕೊಂಡಳು.

"ವಾಪಸ್ ತಗೊಂಡ್ಹೋಗಿ ಏನ್ ಮಾಡ್ತೀಯ ಅಷ್ಟೊಂದು?" ಎಂದರು ಅವರು ಹಿಂದಿನಿಂದ, ನಿಜವಾಗಿ ಆಶ್ಚರ್ಯಪಟ್ಟವರ ಹಾಗೆ.

"ತಿಂತೀವಿ" ಎಂದಳು ಅತ್ತೆ.

ವಾಪಸು ಬರುವ ಬಸ್ಸಿನಲ್ಲಿ ಅವಳು ಕಿಟಕಿಯ ಆಚೆ ನೋಡುತ್ತ ಕೂತಿದ್ದಳು. ಅವಳು ಅಳುತ್ತಾಳೇನೋ ಅಂತ ನನಗೆ ಹೆದರಿಕೆ. ದೊಡ್ಡವರು ಅಳುವುದನ್ನು ನಾನು ಆಗ ನೋಡಿರಲಿಲ್ಲ. ಅರ್ಧ ದಾರಿಯಲ್ಲಿ ಅವಳು ಕೇಳಿದ್ದು ಒಂದೇ ಪ್ರಶ್ನೆ: "ನನ್ ಹೆಸ್ರು ಬರೆಯೋಕೆ ಎಷ್ಟು ಅಕ್ಷರ ಬೇಕೇ?" ನಾನು ಬೆರಳು ಮಡಚಿ ಎಣಿಸಿ ಮೂರು ಎಂದೆ. "ಅಷ್ಟೇನಾ" ಎಂದಳು.

ಮನೆಯಲ್ಲಿ ಅಮ್ಮ ಗಂಟನ್ನು ನೋಡಿದ ಕೂಡಲೇ ವಿಷಯ ಊಹಿಸಿಬಿಟ್ಟಳು. ನಾನು ನಡೆದದ್ದನ್ನೆಲ್ಲ ಹೇಳುವಷ್ಟರಲ್ಲಿ ಅವಳಿಗೆ ಸಿಟ್ಟು ನೆತ್ತಿಗೇರಿತ್ತು. "ಬೋರ್ಡ್ ಏನ್ ನಿಮ್ಮನ್ನ ಕಚ್ತಿತ್ತಾ ಅತ್ಗೆ? ಅವ್ನು ಏನಾರ ಬರ್ಕೊಳ್ಲಿ. ಒಂದು ತಿಂಗ್ಳು ಬೆರಳು ಬೇಯ್ಸಿದ್ದು ಹೊಳೇಲಿ ಹೋಯ್ತಲ್ಲ." ಅತ್ತೆ ಡಬ್ಬಗಳನ್ನು ಗೂಡಿನ ಮೇಲೆ ಜೋಡಿಸಿದಳು. ಮೊದಲ ಪಾಳಿ ಮುಗಿಸಿ ಬಂದಿದ್ದ ಅಪ್ಪ ಬಾಗಿಲಲ್ಲಿ ಕೂತು ಕಾಲಿನ ಕಪ್ಪು ತೊಳೆಯುತ್ತಿದ್ದ. ಅಪ್ಪ ಮಾತಿನ ಮನುಷ್ಯನಲ್ಲ. ಕುಲುಮೆಯ ಸದ್ದಿನಲ್ಲಿ ದಿನವಿಡೀ ನಿಂತು ಅವನಿಗೆ ಮಾತು ಅನಗತ್ಯ ಅನ್ನಿಸಿಬಿಟ್ಟಿತ್ತು. ಕಾಲು ಒರೆಸಿಕೊಂಡು ಎದ್ದು, ಡಬ್ಬದ ಮುಚ್ಚಳ ತೆಗೆದು, ನಾಲ್ಕು ಕಾಳು ಬಾಯಿಗೆ ಹಾಕಿಕೊಂಡ. ಅಷ್ಟು ವರ್ಷದಲ್ಲಿ ಮಾರುವ ಡಬ್ಬಕ್ಕೆ ಅವನು ಕೈ ಹಾಕಿದ್ದು ಅದೇ ಮೊದಲು. "ಅಕ್ಕ, ನಾಳೆ ಇದನ್ನ ಫ್ಯಾಕ್ಟ್ರಿ ಗೇಟ್ ಹತ್ರ ತಗೊಂಡ್ ಹೋಗ್ತೀನಿ" ಎಂದ. "ನಮ್ಮೋರು ತಿನ್ನಲ್ವಾ ಸಂಕ್ರಾಂತೀಲಿ?"

ನಮ್ಮವರು ಹುರಿಗಡಲೆ, ಬೆಲ್ಲ, ಕೊಬ್ಬರಿ ಬೆರೆಸಿದ ಎಳ್ಳು ತಿನ್ನುತ್ತಿದ್ದರು. ಮುಳ್ಳಿನ ಕಾಳು ನಮ್ಮ ವಠಾರದವರಿಗೆ ನೋಡುವ ವಸ್ತು. ಕಟ್ಟಿದವಳು ನಮ್ಮಲ್ಲಿದ್ದರೂ ತಿನ್ನುವವರು ಬೇರೆ ಬೀದಿಯವರು. ಇದು ನನಗೆ ಹೊಳೆದದ್ದು ದೊಡ್ಡವಳಾದ ಮೇಲೆ. ಅಪ್ಪನಿಗೆ ಅವತ್ತೇ ಹೊಳೆದಿರಬೇಕು.

ಮರುದಿನ ನಾನು ಎದ್ದಾಗ ಅಮ್ಮ ನೆಲದ ಮೇಲೆ ಕೂತು ಮೈದಾ ಅಂಟು ಕಲಸುತ್ತಿದ್ದಳು. ನನ್ನ ಹಳೆಯ ನೋಟುಪುಸ್ತಕಗಳಲ್ಲಿ ಉಳಿದಿದ್ದ ಖಾಲಿ ಹಾಳೆಗಳನ್ನೆಲ್ಲ ಕಿತ್ತು ಪೊಟ್ಟಣಕ್ಕೆ ಮಡಚಿ ಇಟ್ಟಿದ್ದಳು. ಹಿಂದಿನ ದಿನದ ಸಿಟ್ಟಿನ ಬಗ್ಗೆ ಒಂದು ಮಾತೂ ಇಲ್ಲ. ನನ್ನ ಕೈಗೆ ಕೆಂಪು ಶಾಯಿಯ ಪೆನ್ನು ಕೊಟ್ಟು, "ಹೆಸ್ರು ಬರಿ" ಎಂದಳು. "ದೊಡ್ಡಕ್ಷರದಲ್ಲಿ ಬರಿ. ಆ ಸಾಹುಕಾರಂಗೆ ಶಿವಮೊಗ್ಗದಿಂದ್ಲೇ ಕಾಣ್ಬೇಕು." ನಾನು ಒಲೆಯ ಪಕ್ಕ ಬೋರಲು ಮಲಗಿಕೊಂಡು ಬರೆದೆ: ಹಾಲಮ್ಮನ ಕಾಳು, ಓಲ್ಡ್ ಟೌನ್, ಭದ್ರಾವತಿ. ಬರೆದ ಪೊಟ್ಟಣವನ್ನು ಅತ್ತೆ ಕೈಗೆ ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದಳು. ತನ್ನ ಹೆಸರು ಯಾವುದು ಅಂತ ಕೇಳಿ ಅದರ ಮೇಲೆ ಆ ಗೆರೆಯಿಲ್ಲದ ಬೆರಳನ್ನು ಇಟ್ಟಳು. ಅವತ್ತು ಶಾಲೆಗೆ ಹೋಗಲಿಲ್ಲ. ಹೆಬ್ಬೆರಳು ಊದುವವರೆಗೂ ಬರೆದೆ. ನಾನು ಆಮೇಲೆ ಟೀಚರಾಗಿ ಇಪ್ಪತ್ತು ವರ್ಷ ಕಪ್ಪುಹಲಗೆಯ ಮೇಲೆ ಬರೆದಿದ್ದೇನೆ. ಆ ಪೊಟ್ಟಣಗಳ ಮೇಲೆ ಬರೆದಷ್ಟು ಅಂದವಾಗಿ ಮತ್ತೆ ಬರೆದಿಲ್ಲ.

ಪಾಳಿ ಬದಲಾಗುವ ಹೊತ್ತಿಗೆ ಅಪ್ಪ ಗೇಟಿನ ಎದುರು ಚಹಾದಂಗಡಿಯ ಬೆಂಚಿನ ಮೇಲೆ ಪೊಟ್ಟಣಗಳನ್ನು ಹರಡಿ ನಿಂತನಂತೆ. ಮಾತು ಬಾರದ ಅವನು ಹೇಗೆ ಮಾರಿದ ಅಂತ ನಮಗೆ ಪಕ್ಕದ ಮನೆಯ ಸೆಲ್ವಿ ಅಕ್ಕನ ಗಂಡ ಬಂದು ವರದಿ ಕೊಟ್ಟ. ಅಪ್ಪ ಯಾರನ್ನೂ ಕರೆಯಲಿಲ್ಲವಂತೆ. ಬಂದವರಿಗೆ "ನಮ್ಮಕ್ಕ ಮಾಡಿದ್ದು" ಅಂತ ಅಷ್ಟೇ ಹೇಳಿ ಒಂದೊಂದು ಕಾಳು ಅಂಗೈಗೆ ಹಾಕುತ್ತಿದ್ದನಂತೆ. ಕಬ್ಬಿಣದ ಪುಡಿಯಿಂದ ಕಪ್ಪಾದ ಆ ಅಂಗೈಗಳ ಮೇಲೆ ಬಿಳಿಯ ಕಾಳು ಹೇಗೆ ಕಂಡಿರಬೇಕು ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಅತ್ತೆ ತಾನೂ ಸುಮ್ಮನೆ ಕೂರಲಿಲ್ಲ. ಹಬ್ಬಕ್ಕೆ ಮುಂಚಿನ ನಾಲ್ಕು ದಿನ ಓಲ್ಡ್ ಟೌನಿನ ಮಾರ್ಕೆಟ್ಟಿನಲ್ಲಿ, ಕಬ್ಬು ಮತ್ತು ಅವರೆಕಾಯಿ ಮಾರುವವರ ಮಧ್ಯೆ ಚಾಪೆ ಹಾಸಿ ಕೂತಳು. ಎದುರಿಗೆ ಕಪ್ಪು ಬಟ್ಟೆಯ ಮೇಲೆ ಮಗುವಿನ ಒಂದು ಕಿರೀಟ, ಒಂದು ಸರ. ಶಾಲೆ ಬಿಟ್ಟ ಮೇಲೆ ನಾನೂ ಹೋಗಿ ಪಕ್ಕದಲ್ಲಿ ಕೂರುತ್ತಿದ್ದೆ. ಜನ ಬಗ್ಗಿ ನೋಡುತ್ತಿದ್ದರು, ಮೆಚ್ಚುತ್ತಿದ್ದರು, ಆಮೇಲೆ ಆ ಪ್ರಶ್ನೆ ಬರುತ್ತಿತ್ತು. ರೇಷ್ಮೆ ಸೀರೆಯ ಒಬ್ಬಾಕೆ ಸರವನ್ನು ಎತ್ತಿ ಹಿಡಿದು, "ಮಡೀಲಿ ಮಾಡಿದ್ದೇನಮ್ಮ?" ಎಂದರು.

"ಸ್ನಾನ ಮಾಡಿ ಮಾಡಿದ್ದು, ಅಮ್ಮಾವ್ರೆ" ಎಂದಳು ಅತ್ತೆ. "ನಾನೇ ಮಾಡಿದ್ದು. ಹೆಸ್ರು ಪೊಟ್ಟಣದ ಮೇಲೇ ಇದೆ ನೋಡಿ."

ಆಕೆ ಹೆಸರು ಓದಿದರು. ಸರವನ್ನು ಇದ್ದಲ್ಲೇ ಇಟ್ಟು ಹೋದರು. ನನಗೆ ಅವತ್ತು ಹೆಸರು ಬರೆದದ್ದಕ್ಕೆ ನನ್ನ ಮೇಲೇ ಸಿಟ್ಟು ಬಂತು. ಬರೆಯದಿದ್ದರೆ ಮಾರಾಟವಾಗುತ್ತಿತ್ತಲ್ಲ ಅತ್ತೆ ಅಂದೆ. ಅವಳು ಸರವನ್ನು ಮತ್ತೆ ನೇರ ಮಾಡುತ್ತ, "ಹೋಗ್ಲಿ ಬಿಡು, ಇನ್ನೊಬ್ರು ಬರ್ತಾರೆ" ಎಂದಳು. ಬಂದರು ಕೂಡ, ಆದರೆ ಎಲ್ಲವೂ ಖಾಲಿಯಾಗುವಷ್ಟು ಜನ ಬರಲಿಲ್ಲ. ಎಲ್ಲ ಮಾರಾಟವಾಯಿತು ಅಂತ ಸುಳ್ಳು ಹೇಳಲಾರೆ: ಆ ವರ್ಷ ಅರ್ಧಕ್ಕರ್ಧ ಕಾಳು ಉಳಿಯಿತು. ಒಡವೆಗಳಲ್ಲಿ ಒಂದೂ ಹೋಗಲಿಲ್ಲ. ಸಂಕ್ರಾಂತಿಯ ಸಂಜೆ ಅತ್ತೆ ಆ ಒಡವೆಗಳನ್ನೆಲ್ಲ ಸೆಲ್ವಿ ಅಕ್ಕನ ಎಂಟು ತಿಂಗಳ ಮಗಳಿಗೆ ತೊಡಿಸಿ, ವಠಾರದ ನಡುವೆ ಮಣೆಯ ಮೇಲೆ ಕೂರಿಸಿದಳು. ಕಿರೀಟ ಹಣೆಗೆ ಜಾರಿದ ಆ ಕಪ್ಪು ಮಗು ಕೈಬಳೆಯನ್ನು ಬಾಯಿಗೆ ಹಾಕಿಕೊಂಡು ನೆಕ್ಕುತ್ತಿತ್ತು. ಐದೂ ಮನೆಯವರು ಸುತ್ತ ನಿಂತಿದ್ದರು. ಸೆಲ್ವಿ ಅಕ್ಕ ತನ್ನ ತಮಿಳು ಬೆರೆತ ಕನ್ನಡದಲ್ಲಿ, "ಮಹಾರಾಣಿ ಮಾದ್ರಿ ಐತೆ ನಮ್ ಪಾಪ" ಅಂತ ಒಂದೇ ಮಾತನ್ನು ಮತ್ತೆ ಮತ್ತೆ ಹೇಳಿ ಕಣ್ಣು ಒರೆಸಿಕೊಂಡಳು. ನಾವು ಯುಗಾದಿಯವರೆಗೂ ಕಾಳು ತಿಂದೆವು. ಅತ್ತೆ ಸಾಹುಕಾರರಿಗೆ ಹೇಳಿದ ಮಾತು ಉಳಿಸಿಕೊಂಡಳು.

ಗೇಟಿನಲ್ಲಿ ಕೊಂಡವರು ಸುಮ್ಮನಿರಲಿಲ್ಲ. ಅವರ ಪೊಟ್ಟಣಗಳು ಊಟದ ಡಬ್ಬಿಯ ಜೊತೆ ಮನೆಗೆ ಹೋಗಿ, ಅಲ್ಲಿಂದ ತಂಗಿಯರ, ಬೀಗರ ಮನೆಗಳಿಗೆ ಹೋಗಿದ್ದವು. ಮುಂದಿನ ವರ್ಷ ಧನುರ್ಮಾಸ ಇನ್ನೂ ಶುರುವಾಗಿರಲಿಲ್ಲ, ಶಿವಮೊಗ್ಗದ ಹೊಸಮನೆ ಬಡಾವಣೆಯಿಂದ ಇಬ್ಬರು ಹೆಂಗಸರು ನಮ್ಮ ಬರಹದ ಹಳೆಯ ಪೊಟ್ಟಣ ಹಿಡಿದುಕೊಂಡು ವಠಾರದ ಬಾಗಿಲಲ್ಲಿ ನಿಂತಿದ್ದರು. ಹಾಲಮ್ಮ ಅನ್ನೋರ ಮನೆ ಯಾವುದು ಅಂತ ಕೇಳಿದರು. ಮಗಳ ಮೊದಲ ಸಂಕ್ರಾಂತಿಗೆ ಒಡವೆ ಬೇಕಿತ್ತು; ಅಂಗಡಿಯ ಕಾಳಿನಲ್ಲಿ ಈಚೆಗೆ ಮುಳ್ಳೇ ಇಲ್ಲವಂತೆ. ಅಮ್ಮ ಅವರನ್ನು ಒಳಗೆ ಕರೆದು ಕೂರಿಸಿ ಮೊದಲು ನೀರು ಕೊಟ್ಟಳು. ಅವರಲ್ಲೊಬ್ಬರು ಲೋಟ ಮುಟ್ಟಲಿಲ್ಲ, ಇನ್ನೊಬ್ಬರು ಪೂರ್ತಿ ಕುಡಿದರು. ಇಬ್ಬರೂ ಒಡವೆಗೆ ಹೇಳಿಹೋದರು.

ಆಮೇಲಿನ ಹದಿನೈದು ವರ್ಷ ನಮ್ಮ ಮನೆಯ ಒಳ್ಳೆಯ ಕಾಲ. ಅತ್ತೆ ಮನೆಮನೆಗೆ ಹೋಗಿ ಪಾತ್ರೆ ತೊಳೆಯುವುದನ್ನು ಬಿಟ್ಟಳು. ದೀಪಾವಳಿ ಮುಗಿದ ಕೂಡಲೇ ಜನ ಬರಲು ಶುರುವಾಗುತ್ತಿತ್ತು. ಅಪ್ಪ ರಜೆ ಹಾಕಿ ಕಿರೀಟಕ್ಕೆ ತಂತಿ ಬಗ್ಗಿಸುತ್ತಿದ್ದ. ಕಬ್ಬಿಣದ ಕೈಗೆ ಆ ಸಣ್ಣ ತಂತಿ ಹೇಗೆ ಬಗ್ಗುತ್ತಿತ್ತೋ, ಅವನ ಕಿರೀಟಗಳು ಎಂದೂ ಸೊಟ್ಟಗಾಗಲಿಲ್ಲ. ಅಮ್ಮ ಗಿರಾಕಿಗಳ ಜೊತೆ ಮಾತಿಗೆ ನಿಂತರೆ ಅತ್ತೆಯ ಕೈಯನ್ನು ಹೊಗಳುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ, ಆ ಮಾತು ಅತ್ತೆಯ ಕಿವಿಗೆ ಬೀಳದಂತೆ ಮಾತ್ರ ಎಚ್ಚರ ವಹಿಸುತ್ತಿದ್ದಳು. ಕಲಿಯಲು ಬಂದವರನ್ನು ಅತ್ತೆ ಯಾರು ಏನು ಅಂತ ಕೇಳಲಿಲ್ಲ. ಸೆಲ್ವಿ ಅಕ್ಕನ ಮಗಳು, ಮೀನು ಮಾರುವವರ ಸೊಸೆ, ಒಬ್ಬ ವಕೀಲರ ಮೊಮ್ಮಗಳು ಕೂಡ, ಎಲ್ಲರೂ ಒಳಗೆ ಒಲೆಯ ಸುತ್ತ ಒಂದೇ ಚಾಪೆಯ ಮೇಲೆ. ತಪ್ಪು ಮಾಡಿದರೆ ಬೈಯುತ್ತಿರಲಿಲ್ಲ, ಅವರ ಬೆರಳನ್ನು ತನ್ನ ಬೆರಳೊಳಗೆ ಹಿಡಿದು ತಟ್ಟೆಯ ಮೇಲೆ ಆಡಿಸುತ್ತಿದ್ದಳು. ನನಗೂ ಹಾಗೇ ಕಲಿಸಿದಳು. ನನ್ನ ಕಾಳಿಗೆ ಮುಳ್ಳು ಏಳುತ್ತದೆ, ಆದರೆ ಉದುರುತ್ತದೆ. "ನಿಂಗೆ ಅವಸರ" ಎನ್ನುತ್ತಿದ್ದಳು.

ಈಗ ಆ ವಠಾರವಿಲ್ಲ. ಕಾರ್ಖಾನೆಯ ಕೆಲಸ ಕಡಿಮೆಯಾದಂತೆ ಒಂದೊಂದೇ ಮನೆ ಖಾಲಿಯಾಯಿತು. ಸೆಲ್ವಿ ಅಕ್ಕನವರು ಸೇಲಂ ಕಡೆ ಹೋದರು. ಮಾಲೀಕರ ಮಕ್ಕಳು ಜಾಗ ಮಾರಿದರು. ನಲ್ಲಿ ಇದ್ದಲ್ಲಿ ಮೊಬೈಲು ಅಂಗಡಿಯೊಂದರ ಮೆಟ್ಟಿಲಿದೆ. ಅಪ್ಪ ನಿವೃತ್ತನಾದ ಎರಡನೆಯ ವರ್ಷಕ್ಕೇ ಹೋದ. ಅಮ್ಮನನ್ನೂ ಅತ್ತೆಯನ್ನೂ ಶಿವಮೊಗ್ಗದ ಹೊಸಮನೆ ಬಡಾವಣೆಯಲ್ಲಿರುವ ನನ್ನ ಮನೆಗೆ ಕರೆತಂದೆ. ಅತ್ತೆ ಮೂರು ಚಳಿಗಾಲ ನಮ್ಮ ತಾರಸಿಯ ಮೇಲೆ ಒಲೆ ಹೂಡಿದಳು. ಹೊಳೆಯ ಮಂಜಿಲ್ಲದೆ ಇಲ್ಲಿ ಕಾಳು ಹಟ ಮಾಡುತ್ತದೆ ಎನ್ನುತ್ತಿದ್ದಳು. ನಾಲ್ಕನೆಯ ವರ್ಷ ಅವಳ ಬೆರಳಿಗೆ ಬಿಸಿ ತಿಳಿಯುವುದು ನಿಂತುಹೋಯಿತು. ತಟ್ಟೆ ಕಾದು ಸಕ್ಕರೆ ಕೆಂಪಾದಾಗಲೇ ಅವಳಿಗೆ ಗೊತ್ತಾದದ್ದು. ತಟ್ಟೆಯನ್ನು ಇಳಿಸಿ, ಒಲೆಯ ಮೇಲೆ ನೀರು ಚಿಮುಕಿಸಿ, ಕೆಳಗೆ ಬಂದು ಚಹಾ ಕೇಳಿದಳು. ಮತ್ತೆ ಹತ್ತಲಿಲ್ಲ. ಮರು ಆಷಾಢದಲ್ಲಿ, ಹೆಚ್ಚು ನರಳದೆ, ಅಮ್ಮನ ಕೈ ಹಿಡಿದುಕೊಂಡು ಹೋದಳು. ನಲವತ್ತು ವರ್ಷ ಅವಳ ಜೊತೆ ಉಪ್ಪು ನೀರಿಗೆ ಜಗಳಾಡಿದ ಅಮ್ಮ ಆ ಕೈಯನ್ನು ಬಿಡಿಸಿಕೊಳ್ಳಲು ಎಷ್ಟು ಹೊತ್ತಾದರೂ ಒಪ್ಪಲಿಲ್ಲ.

ತಿಥಿಯ ದಿನ ಮಧ್ಯಾಹ್ನ, ಊಟ ಮುಗಿದು ನೆಂಟರು ಹೊರಟ ಮೇಲೆ, ಜಿನುಗುವ ಮಳೆಯಲ್ಲಿ ಒಬ್ಬ ಹೆಂಗಸು ಬಂದರು. ಐವತ್ತು ದಾಟಿದವರು. ನಮಗೆ ಪರಿಚಯವಿಲ್ಲ. ವಿಷಯ ತಡವಾಗಿ ಗೊತ್ತಾಯಿತು ಎಂದು ಹೇಳಿ, ಅತ್ತೆಯ ಫೋಟೋಗೆ ಕೈ ಮುಗಿದು, ಚೀಲದಿಂದ ಒಂದು ಸ್ಟೀಲಿನ ಡಬ್ಬ ತೆಗೆದರು. ಒಳಗೆ ಹತ್ತಿ, ಹತ್ತಿಯ ಮೇಲೆ ನಾಲ್ಕು ಲವಂಗ, ಅವುಗಳ ಕೆಳಗೆ ಮಗುವಿನ ಕಾಳಿನ ಸರ ಮತ್ತು ಬಳೆಗಳು. ಬಿಳುಪು ಹೋಗಿ ಹಳೆಯ ದಂತದ ಬಣ್ಣಕ್ಕೆ ತಿರುಗಿದ್ದವು. ಮುಳ್ಳು ಮಾತ್ರ ಒಂದೂ ಉದುರಿರಲಿಲ್ಲ.

"ನನ್ ಮಗಳ ಮೊದಲ್ನೇ ಸಂಕ್ರಾಂತಿದು" ಎಂದರು. "ಅವಳೀಗ ಮಂಗಳೂರಲ್ಲಿ ನರ್ಸು. ಇರುವೆ ಬರದಂಗೆ ನೋಡ್ಕೊಂಡಿದೀನಿ. ನಿಮಗೆ ಒಂದ್ಸಲ ತೋರ್ಸಿ ಹೋಗಣ ಅಂತ ಬಂದೆ."

ಅಮ್ಮ ಡಬ್ಬವನ್ನು ಮಡಿಲಲ್ಲಿ ಇಟ್ಟುಕೊಂಡು ಬಹಳ ಹೊತ್ತು ನೋಡಿದಳು. ನಮ್ಮ ಮನೆಯಲ್ಲಿ ಅತ್ತೆ ಮಾಡಿದ್ದು ಒಂದೇ ಒಂದು ಕಾಳೂ ಉಳಿದಿರಲಿಲ್ಲ. ಮಾಡಿದ್ದೆಲ್ಲ ಮಾರಿದ್ದೆವು, ಮಾರದ್ದನ್ನು ತಿಂದಿದ್ದೆವು. ಆ ಹೆಂಗಸಿಗೆ ಅದು ಅರ್ಥವಾಯಿತೇನೋ, ಸಂಕೋಚದಿಂದ ಹೇಳಿದರು: "ಬೇಜಾರು ಮಾಡ್ಕೋಬೇಡಿ. ಕೊಡಣ ಅಂದ್ರೆ ಮನಸ್ಸು ಬರ್ಲಿಲ್ಲ. ಮಗಳ ಮಗೂಗೆ ಹಾಕ್ಬೇಕು ಅಂತ ಇಟ್ಟಿದೀನಿ."

"ಬೇಡ ಬೇಡ" ಎಂದಳು ಅಮ್ಮ. ಲವಂಗಗಳನ್ನು ಮೊದಲಿದ್ದಲ್ಲೇ ಇಟ್ಟು, ಹತ್ತಿ ಸರಿಪಡಿಸಿ, ಮುಚ್ಚಳ ಒತ್ತಿ ಅವರ ಕೈಗೆ ಕೊಟ್ಟಳು. "ನೀವೇ ಇಟ್ಕೊಳ್ಳಿ. ನಮ್ಮತ್ಗೆ ನಿಮಗೆ ಮಾಡಿದ್ದು ಅದು."

ಅವರನ್ನು ಕಳಿಸಲು ನಾವಿಬ್ಬರೂ ಗೇಟಿನವರೆಗೆ ಹೋದೆವು. ಮಳೆ ಸ್ವಲ್ಪ ಜೋರಾಗಿತ್ತು. ಅವರು ಡಬ್ಬವನ್ನು ಎದೆಗೆ ಒತ್ತಿಕೊಂಡು, ಕೊಡೆಯನ್ನು ಅದರ ಕಡೆಗೆ ಬಾಗಿಸಿ ಹಿಡಿದು, ಬಸ್ ಸ್ಟಾಪಿನ ಕಡೆ ನಡೆದರು. ತಿರುವಿನವರೆಗೂ ನಮಗೆ ಕಾಣುತ್ತಿದ್ದರು. ಅವರ ಒಂದು ಭುಜ ಪೂರ್ತಿ ನೆನೆದಿತ್ತು, ಅವರು ಕೊಡೆಯನ್ನು ಸರಿಪಡಿಸಿಕೊಳ್ಳಲಿಲ್ಲ.